ಎಡಗೈಯ ಮೈಲಾಂಜಿ

ಬೆಳುವಾಯಿಯ ಆ ಮನೆಯಲ್ಲಿ ಫರ್ಹಾನಳ ಕೈಯ ವ್ಯಾಯಾಮ ಶುರುವಾಗುವುದಕ್ಕೂ ಖತೀಜಮ್ಮನ ಮೊಣಕಾಲು ನೋವು ಮಾಯವಾಗುವುದಕ್ಕೂ ಏನೋ ಒಂದು ಸಂಬಂಧವಿತ್ತು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕುರ್ಚಿಯಿಂದ ಏಳುವುದಕ್ಕೆ ಸೊಸೆಯ ತೋಳು ಬೇಕಾಗುತ್ತಿದ್ದ ಅವರು, ಮೊಮ್ಮಗಳು ಒಮ್ಮೆ ‘ಉಮ್ಮಮ್ಮಾ’ ಎಂದು ಕೂಗಿದರೆ ಸಾಕು, ಅಡುಗೆಮನೆಯಿಂದ ಚಾವಡಿಗೆ ಓಡಿಯೇ ಬರುತ್ತಿದ್ದರು.

“ಸಾಕು ಬಿಡು ಜಸೀಲಾ. ಮಗುವಿನ ಉಸಿರು ಹೋಗ್ತದೆ.”

“ಉಸಿರು ಎಲ್ಲಿಗೂ ಹೋಗುವುದಿಲ್ಲ ಮಾಮಿ. ಇಷ್ಟು ಜೋರಾಗಿ ಕೂಗ್ಬೇಕಾದ್ರೆ ಉಸಿರು ಬೇಕಲ್ಲ?”

“ಬಿಎಸ್ಸಿ ಮಾತು ಬೇಡ ನನ್ನ ಹತ್ತಿರ.” ಅಷ್ಟರಲ್ಲಿ ಮಗು ಅಜ್ಜಿಯ ಸೊಂಟ ಏರಿಯಾಗಿರುತ್ತಿತ್ತು. ಬಿಡಿಸಿದ ಮುಷ್ಟಿ ಮತ್ತೆ ಕಟ್ಟಿಕೊಂಡಿರುತ್ತಿತ್ತು. ಕೆನ್ನೆಯ ಮೇಲಿನ ಕಣ್ಣೀರು ಒಣಗುವ ಮೊದಲೇ ಬಲಗೈಯಲ್ಲಿ ಒಂದು ಖರ್ಜೂರವೂ ಬಂದಿರುತ್ತಿತ್ತು.

ಫರ್ಹಾನಳಿಗೆ ಐದು ವರ್ಷ. ಹುಟ್ಟುವ ಹೊತ್ತಿನ ತೊಂದರೆಯಿಂದ ಅವಳ ಮೈಯ ಎಡಭಾಗ ಬಿಗಿಯಾಗಿತ್ತು. ಎಡಗಾಲು ಸ್ವಲ್ಪ ಎಳೆದುಕೊಂಡಾದರೂ ಬಲಗಾಲಿನ ಜೊತೆಗೆ ಮನೆಯೆಲ್ಲ ಸುತ್ತುತ್ತಿತ್ತು. ಎಡಗೈ ಮಾತ್ರ ಯಾವುದಕ್ಕೂ ಬರುತ್ತಿರಲಿಲ್ಲ. ಹೆಬ್ಬೆರಳು ಅಂಗೈಯೊಳಗೆ ಅಡಗಿ, ಉಳಿದ ಬೆರಳುಗಳು ಅದರ ಮೇಲೆ ಬಾಗಿಲು ಹಾಕಿದಂತೆ ಮುಚ್ಚಿಕೊಂಡಿರುತ್ತಿದ್ದವು. ಆ ಕೈಯ ಪಾಲಿನ ಕೆಲಸವನ್ನೆಲ್ಲ ಬಲಗೈ ಮಾಡುತ್ತಿತ್ತು; ಕಳ್ಳತನವನ್ನೂ ಸೇರಿಸಿ.

ಮೂಡುಬಿದಿರೆಯಿಂದ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬರುವ ಫಿಸಿಯೋಥೆರಪಿಸ್ಟ್ ಸುಪ್ರೀತಾ ವಿಷಯವನ್ನು ಸರಳವಾಗಿಯೇ ಹೇಳಿದ್ದಳು. “ಮೂಳೆ ಬೆಳೀತಾ ಹೋಗ್ತದೆ. ಸ್ನಾಯು ಅದರ ಜೊತೆ ಉದ್ದ ಆಗ್ಬೇಕು. ಬಿಗಿ ಸ್ನಾಯು ತಾನಾಗಿ ಉದ್ದ ಆಗುವುದಿಲ್ಲ, ನಾವು ಎಳೆದು ಹಿಡೀಬೇಕು. ನಾನು ವಾರಕ್ಕೊಮ್ಮೆ ಮಾಡಿದ್ರೆ ಎಂತ ಉಪಯೋಗ? ದಿನಾ ಆಗ್ಬೇಕು, ಅದೂ ನಿಧಾನವಾಗಿ ಆಗ್ಬೇಕು. ಅರ್ಧಕ್ಕೆ ಬಿಟ್ರೆ ಮಾಡಿದ್ದು ವ್ಯರ್ಥ.”

ಅರ್ಧಕ್ಕೆ ಬಿಡದೆ ಮುಗಿಸಿದ ದಿನವೇ ಇರಲಿಲ್ಲ. ಹೊಡೆಯುವ, ಬೈಯುವ ಅತ್ತೆಯಾಗಿದ್ದರೆ ಜಸೀಲಾಳಿಗೆ ಜಗಳವಾಡಲು ಒಂದು ದಾರಿ ಇರುತ್ತಿತ್ತು. ಖತೀಜಮ್ಮ ಹಾಗಲ್ಲ. ಸೊಸೆಗೆ ಜ್ವರ ಬಂದರೆ ಗಂಜಿ ಬೇಯಿಸಿ ಉಪ್ಪಿನಕಾಯಿಯ ಮಾವು ಆರಿಸಿ ಕೊಡುವವರು. ಮೊಮ್ಮಗಳು ಮಲಗುವುದು ಅಜ್ಜಿಯ ಕಿವಿಯ ಅಂಚಿನ ಹಳೆಯ ಕಾಲದ ಬಂಗಾರದ ಅಲಿಕತ್ತನ್ನು ಬೆರಳಿನಲ್ಲಿ ಹಿಡಿದುಕೊಂಡೇ. ಪ್ರೀತಿಯನ್ನು ಎದುರಿಸಿ ಜಗಳವಾಡುವುದು ಹೇಗೆಂದು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ವಿಷಯ ಮನೆಯ ಗೇಟು ದಾಟಿದ್ದು ಜಸೀಲಾಳ ತಪ್ಪಿನಿಂದಲೇ. ವ್ಯಾಯಾಮ ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಕೇಳಲು ಅವಳು ಒಂದು ವೀಡಿಯೊ ಮಾಡಿ ಸುಪ್ರೀತಾಳಿಗೆ ಕಳಿಸಿದಳು. ಕಳಿಸಿದ ಮೇಲೆ ನೋಡಿದರೆ ಅದು ಹೋದದ್ದು ಗಂಡನ ಕಡೆಯ ಕುಟುಂಬದ ವಾಟ್ಸಾಪ್ ಗುಂಪಿಗೆ. ಅಳಿಸುವಷ್ಟರಲ್ಲಿ ಉಳ್ಳಾಲ, ಬೆಳ್ತಂಗಡಿ, ಜುಬೈಲ್, ಶಾರ್ಜಾಗಳಲ್ಲಿ ಎಲ್ಲರೂ ನೋಡಿಯಾಗಿತ್ತು. ಶಾರ್ಜಾದಲ್ಲಿರುವ ನಾದಿನಿ ಜಸ್ನಾ ಧ್ವನಿ ಸಂದೇಶ ಕಳಿಸಿದಳು: “ಜಸೀ, ಇದು ಎಂತ ನೀನು ಮಾಡುವುದು? ಮಗುವಿನ ಕೈಯಾ, ಒದ್ದೆ ಬಟ್ಟೆಯಾ?” ಬೆಳ್ತಂಗಡಿಯ ಚಿಕ್ಕಪ್ಪ ಕೇರಳದ ಒಂದು ಎಣ್ಣೆಯ ಫೋಟೋ ಹಾಕಿದರು. ಯಾರೋ ಒಬ್ಬರು, ಏನನ್ನೂ ನೋಡದೆ, ಗುಲಾಬಿ ಹೂವಿನ ಮೇಲೆ ಶುಭೋದಯ ಕಳಿಸಿದರು. ಇಡೀ ಗುಂಪಿನಲ್ಲಿ ಜಸೀಲಾಳಿಗೆ ಹಿತವೆನಿಸಿದ ಸಂದೇಶ ಅದೊಂದೇ.

ಜುಬೈಲಿನಲ್ಲಿ ಕೆಲಸಕ್ಕಿದ್ದ ಗಂಡ ನೌಫಲ್ ಅಂದೇ ಫೋನ್ ಮಾಡಿದ.

“ಉಮ್ಮನ ಹತ್ತಿರ ನಾನು ಒಮ್ಮೆ ಮಾತಾಡ್ಲಾ?”

“ದಮ್ಮಯ್ಯ ಬೇಡ. ಕಳೆದ ಸಲ ನೀವು ಮಾತಾಡಿದ ಮೇಲೆ ಅವರು ನನಗೆ ಬಹುವಚನ ಕೊಟ್ಟು ಮಾತಾಡಿದ್ರು. ‘ನೀವು ಊಟ ಮಾಡಿದ್ರಾ’ ಅಂತ. ನನಗೆ ಅನ್ನ ಇಳೀಲಿಲ್ಲ.”

ನೌಫಲ್ ನಗಲಿಲ್ಲ. “ಹಾಗಾದ್ರೆ ಬಕ್ರೀದ್ ಆದ ಮೇಲೆ ಒಂದು ಮೂರು ತಿಂಗಳು ಪಾಣೆಮಂಗಳೂರಿಗೆ ಹೋಗು. ನಿನ್ನ ಉಮ್ಮನ ಮನೆಯಲ್ಲಿ ತಡೆಯುವವರಿಲ್ಲ. ಮಗುವಿನ ಕೈ ಮುಖ್ಯ.”

“ಮಾಮಿಗೆ ಯಾರು ಹೇಳುವುದು?”

“ಹಬ್ಬ ಆಗ್ಲಿ. ಆಮೇಲೆ ನೋಡುವ.”

ಹಬ್ಬ ಕಳೆದ ಮುಂದಿನ ಭಾನುವಾರ ಎಂದು ತೀರ್ಮಾನವಾಯಿತು. ಜಸೀಲಾಳ ತಾಯಿ ಕೋಣೆಯನ್ನು ಗುಡಿಸಿ ಒರೆಸಿಟ್ಟರು. ಜಸೀಲಾ ಮಂಚದ ಅಡಿಯಿಂದ ಸೂಟ್‌ಕೇಸ್ ಎಳೆದು ಧೂಳು ಒರೆಸಿ, ಮತ್ತೆ ಅಡಿಗೇ ತಳ್ಳಿದಳು. ಹೋಗುವುದೆಂದರೆ ಮಗುವಿನ ಕೈ ಉಳಿಸುವುದು, ಅಜ್ಜಿಯ ದಿನವನ್ನು ಖಾಲಿ ಮಾಡುವುದು. ಹೋಗದಿದ್ದರೆ ಅದರ ತಿರುಗುಮುರುಗು. ಎರಡನ್ನೂ ತಕ್ಕಡಿಗೆ ಹಾಕಿ ನೋಡಿದಷ್ಟೂ ಕೈಯೇ ತೂಕವಾಗುತ್ತಿತ್ತು. ಆದರೂ ಮನಸ್ಸಿಗೆ ಹಗುರವಾಗುತ್ತಿರಲಿಲ್ಲ.

ಬಕ್ರೀದಿನ ಹಿಂದಿನ ಮಧ್ಯಾಹ್ನ ಖತೀಜಮ್ಮ ಚಾವಡಿಯಲ್ಲಿ ಚಾಪೆ ಹಾಸಿ ಮೈಲಾಂಜಿಗೆ ಕೂತರು. ಅಂದರೆ ಮದರಂಗಿಗೆ. ಮೂಡುಬಿದಿರೆಯ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ಕೋನುಗಳ ಬಗ್ಗೆ ಅವರಿಗೆ ತುಂಬ ಕೀಳು ಅಭಿಪ್ರಾಯವಿತ್ತು. ಅವರದು ಹಳೆಯ ಕ್ರಮ. ಹಲಸಿನ ಮಯಣವನ್ನು ಹಿಡಿಕಡ್ಡಿಯ ತುದಿಗೆ ಸುತ್ತಿ, ಮೇಣದಬತ್ತಿಯ ಉರಿಗೆ ಹಿಡಿದು, ಮೆತ್ತಗಾದ ಅಂಟಿನಿಂದ ಅಂಗೈ ಮೇಲೆ ಚುಕ್ಕೆ ಚುಕ್ಕೆ ಇಡುವುದು. ಅದರ ಮೇಲೆ ಅರೆದ ಸೊಪ್ಪನ್ನು ಪೂರ್ತಿ ಮೆತ್ತುವುದು. ಒಣಗಿದ ಮೇಲೆ ಚುಕ್ಕೆಗಳನ್ನು ಕಿತ್ತರೆ, ಕೆಂಪು ಅಂಗೈಯಲ್ಲಿ ಬಿಳಿ ನಕ್ಷತ್ರಗಳು. ನೆರೆಯ ಹುಡುಗಿಯರು ಹಿಂದೆಲ್ಲ ಸಾಲುಗಟ್ಟಿ ಬರುತ್ತಿದ್ದರಂತೆ. ಈಗ ಅವರು ಫೋನಿನಲ್ಲಿ ನೋಡಿ ಬಳ್ಳಿ ಬಿಡಿಸಿಕೊಳ್ಳುತ್ತಾರೆ. ಈ ಸಲ ಖತೀಜಮ್ಮನಿಗೆ ಉಳಿದ ಗಿರಾಕಿ ಫರ್ಹಾನ ಒಬ್ಬಳೇ.

ಬಲಗೈಗೆ ಚುಕ್ಕೆ ಇಟ್ಟು ಸೊಪ್ಪು ಮೆತ್ತಿಯಾಯಿತು. ಫರ್ಹಾನ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಎಡಗೈಯನ್ನು ಮುಂದೆ ಚಾಚಿದಳು.

“ಇದಕ್ಕೂ.”

“ಒಂದು ಕೈ ಸಾಕು ಮೋಲೆ, ನನ್ನ ಮಗಳೇ. ಎಷ್ಟು ಚಂದ ಬಂತು ನೋಡು.”

“ಸಾಲುವುದಿಲ್ಲ. ಎರಡೂ.”

“ಈ ಸಲ ಎಲ್ಲ ಮಕ್ಕಳೂ ಒಂದೇ ಕೈಗೆ ಹಾಕ್ತಾರಂತೆ.”

“ಸುಳ್ಳು. ನಿಮಗೆ ಎರಡೂ ಉಂಟು.”

ಅದು ನಿಜ. ಖತೀಜಮ್ಮನ ಎರಡೂ ಅಂಗೈಗಳು ಆಗಲೇ ಕೆಂಪಗಾಗಿದ್ದವು. ಅವರು ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ ಮಾಡಿಕೊಂಡು ಸೊಸೆಯತ್ತ ನೋಡಿದರು. ಜಸೀಲಾ ಹತ್ತಿರ ಬಂದು ಕೂತಳು. ಮಗಳ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಬೆರಳುಗಳನ್ನು ಚಪ್ಪಟೆಯಾಗಿ ಹಿಡಿದುಕೊಂಡಳು. ಆಶ್ಚರ್ಯವೆಂದರೆ ಫರ್ಹಾನ ಕೂಗಲಿಲ್ಲ. ಹಲ್ಲು ಕಚ್ಚಿ ಅಂಟಿನ ಕಡ್ಡಿಯನ್ನೇ ನೋಡುತ್ತಿದ್ದಳು. ಖತೀಜಮ್ಮ ಬಿಸಿಯನ್ನು ತಮ್ಮ ಮಣಿಕಟ್ಟಿಗೆ ಮುಟ್ಟಿಸಿ ಪರೀಕ್ಷಿಸಿ, ನಡುವೆ ಒಂದು ದೊಡ್ಡ ಚುಕ್ಕೆ ಇಟ್ಟರು, ಸುತ್ತ ಸಣ್ಣವು. ಪಕ್ಕದಲ್ಲಿದ್ದ ಜಸೀಲಾಳ ಫೋನ್ ಅದೇ ಹೊತ್ತಿಗೆ ಹಾಡತೊಡಗಿತು. ಜಸ್ನಾಳ ವೀಡಿಯೊ ಕರೆ.

ಗುಂಪಿನ ಆ ಗಲಾಟೆಯಾದ ಮೇಲೆ ಜಸ್ನಾಳ ಕರೆಯನ್ನು ಜಸೀಲಾ ಒಮ್ಮೆಯೂ ತಪ್ಪಿಸಿರಲಿಲ್ಲ. ತಪ್ಪಿಸಿದರೆ ಅದಕ್ಕೊಂದು ಅರ್ಥ ಹುಟ್ಟುತ್ತಿತ್ತು. ಅವಳು ಒಂದೇ ಕ್ಷಣ ಒಂದು ಕೈ ತೆಗೆದು ಫೋನನ್ನು ಎತ್ತಿ ಕರೆ ಸ್ವೀಕರಿಸಿದಳು. ಆ ಕ್ಷಣ ಮುಷ್ಟಿಗೆ ಸಾಕಾಯಿತು. ಅದು ಇಲಿಬೋನಿನ ಹಾಗೆ ಟಪ್ಪೆಂದು ಮುಚ್ಚಿಕೊಂಡಿತು, ಒಳಗೆ ಅಷ್ಟೂ ಮಯಣವನ್ನು ಇಟ್ಟುಕೊಂಡು.

“ಯಾ ಅಲ್ಲಾಹ್, ಮಯಣ!”

ಬಿಡಿಸಲು ನೋಡಿದರೆ ಬೆರಳು ಅಲುಗಲಿಲ್ಲ. ಬಿಗಿ ಕೈ, ಅದರ ಮೇಲೆ ಹಲಸಿನ ಅಂಟು. ಫೋನ್ ನೆಲಕ್ಕೆ ಬಿದ್ದು ಛಾವಣಿ ನೋಡುತ್ತಾ ಮಾತಾಡುತ್ತಿತ್ತು. “ಎಂತಾಯ್ತು? ಉಮ್ಮಾ? ಯಾರಾದ್ರೂ ಹೇಳಿ ಮಾರಾಯ್ತಿ, ನನಗೆ ಫ್ಯಾನ್ ಮಾತ್ರ ಕಾಣ್ತಾ ಉಂಟು!”

“ಎಣ್ಣೆ ತಾ,” ಎಂದರು ಖತೀಜಮ್ಮ.

ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಜಸೀಲಾಳಿಗೆ ಇದು ಗೊತ್ತಿತ್ತು. ಪದವಿ ಇಲ್ಲದ ಇಡೀ ಜಿಲ್ಲೆಗೂ ಗೊತ್ತಿತ್ತು. ಮಯಣ ನೀರಿಗೆ ಜಗ್ಗುವುದಿಲ್ಲ, ತೆಂಗಿನೆಣ್ಣೆಗೆ ಸೋಲುತ್ತದೆ. ಆದರೆ ಎಣ್ಣೆ ಒಳಗೆ ಇಳಿಯಬೇಕು, ಅದಕ್ಕೆ ಸಮಯ ಬೇಕು. ಅವಳು ಬಟ್ಟಲಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಖತೀಜಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿರುಬೆರಳಿನ ತುದಿ ಹಿಡಿದು ಎಳೆಯಹೊರಟರು.

“ತುದಿ ಎಳೀಬೇಡಿ ಮಾಮಿ. ಎಳೆದಷ್ಟೂ ಬಿಗಿಯಾಗ್ತದೆ. ಮೊದಲು ಮಣಿಕಟ್ಟನ್ನು ಒಳಗೆ ಬಗ್ಗಿಸಿ, ಹಾಂ ಹಾಗೆ. ಈಗ ಬೆರಳು ತಾನಾಗಿ ಸ್ವಲ್ಪ ಸಡಿಲ ಆಯ್ತಲ್ಲ? ಇನ್ನು ಹೆಬ್ಬೆರಳನ್ನು ಬುಡದಿಂದ ಹಿಡೀರಿ. ಬುಡದಿಂದ.”

ದಿನವೂ ಆ ಚಾವಡಿಯಲ್ಲಿ ನಡೆಯುತ್ತಿದ್ದದ್ದು ಇದೇ. ಖತೀಜಮ್ಮ ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ಅಷ್ಟೆ. ಅವರು ಬರುತ್ತಿದ್ದದ್ದು ಯಾವಾಗಲೂ ಅಳು ಶುರುವಾದ ಮೇಲೆ, ಎತ್ತಿಕೊಳ್ಳುವುದಕ್ಕೆ.

ಫರ್ಹಾನ ಈಗ ಅತ್ತಳು. ಅಭ್ಯಾಸದಂತೆ ‘ಉಮ್ಮಮ್ಮಾ’ ಎಂದು ಕೂಗಿದಳು. ಕೂಗಿದ ಮೇಲೆ ನೋಡಿದರೆ ಕೈ ಹಿಡಿದವರೇ ಉಮ್ಮಮ್ಮ. ಒಂದು ಕ್ಷಣ ಗಲಿಬಿಲಿಯಾಯಿತು. ಆಮೇಲೆ ತಿರುಗಿ ಜಸೀಲಾಳ ಕಡೆಗೆ ತೋಳು ಚಾಚಿದಳು. “ಉಮ್ಮಾ! ಉಮ್ಮಾ, ಬಾ!”

ಮಗಳು ಇಷ್ಟು ದಿನ ಅತ್ತದ್ದು ಜಸೀಲಾಳ ಕೈಯಲ್ಲಿ; ಅವಳನ್ನು ಕರೆದು ಅತ್ತದ್ದಲ್ಲ. ತಾನು ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಮಾತು ಬಾಯಿಂದ ಬಂದಿತ್ತು.

“ಸಾಕು ಬಿಡಿ ಮಾಮಿ. ಮಗುವಿಗೆ ನೋವಾಗ್ತದೆ. ಆಮೇಲೆ ನೋಡುವ.”

“ಆಮೇಲೆ ಎಂತ ನೋಡುವುದು? ಅಂಟು ಒಣಗಿದ ಮೇಲಾ?” ಖತೀಜಮ್ಮ ತಲೆ ಎತ್ತಲಿಲ್ಲ. “ನೀನು ಆಚೆ ಹೋಗು. ನಿನ್ನನ್ನು ನೋಡಿ ಇವಳು ಹೆಚ್ಚು ಮಾಡ್ತಾಳೆ.”

ಸೊಸೆಯಾಗಿ ಈ ಮನೆಗೆ ಬಂದಾಗಿನಿಂದ ಜಸೀಲಾ ಕೇಳಿದ ಅತ್ಯಂತ ಅನ್ಯಾಯದ ಮಾತು ಅದು. ಆದರೂ ಎದ್ದು ಅಡುಗೆಮನೆಗೆ ಹೋದಳು. ಹಬ್ಬದ ನೀರುಳ್ಳಿ ಹೆಚ್ಚಬೇಕಿತ್ತು. ಹೆಚ್ಚುತ್ತಾ ಕಿವಿಯನ್ನು ಚಾವಡಿಯಲ್ಲೇ ಬಿಟ್ಟಿದ್ದಳು.

“ಇದು ಮದುವೆ ಮನೆ,” ಖತೀಜಮ್ಮನ ಸ್ವರ ಬರುತ್ತಿತ್ತು. “ಒಳಗೆ ಕೂತ ಹೆಬ್ಬೆರಳು ಮದುಮಗ. ಕೋಪ ಬಂದಿದೆ ಅವನಿಗೆ. ಬಿರಿಯಾನಿಯಲ್ಲಿ ಅವನಿಗೆ ಮೊಟ್ಟೆ ಸಿಗ್ಲಿಲ್ಲ. ಅವ ಹೊರಗೆ ಬಾರದೆ ನೆಂಟರು ಹೇಗೆ ಹೊರಡುವುದು? ಕರೆ ಅವನನ್ನು.”

“ಬಾ...” ಬಿಕ್ಕುತ್ತಾ ಫರ್ಹಾನ.

“ಹಾಗಲ್ಲ, ಮರ್ಯಾದೆಯಿಂದ ಕರೆ. ಮದುಮಗ ಅವ.”

“ಬನ್ನಿ.”

“ಹಾಂ, ಕಾಲು ಹೊರಗಿಟ್ಟ. ಎಳೀಬಾರದು, ಎಳೆದ್ರೆ ಮತ್ತೆ ಒಳಗೆ ಹೋಗ್ತಾನೆ. ಕಾಯುವ. ಇನ್ನು ಎಣ್ಣೆ.”

ಬಿಕ್ಕು ತೆಳುವಾಯಿತು. ನಡುವೆ ಒಂದು ಜೋರಾದ ಅಳು ಬಂತು. ಜಸೀಲಾಳ ಚೂರಿ ನಿಂತಿತು. ಮತ್ತೆ ಮಾತು, ಮತ್ತೆ ಕಾಯುವಿಕೆ. ಯಾವ ನೆಂಟ ಬಸ್ಸು ತಪ್ಪಿಸಿಕೊಂಡ, ಯಾರ ಚಪ್ಪಲಿ ಅದಲು ಬದಲಾಯಿತು ಎಂಬ ದೀರ್ಘ ಚರ್ಚೆ ನಡೆಯಿತು. ನೀರುಳ್ಳಿಯ ರಾಶಿ ಮುಗಿದರೂ ಚಾವಡಿಯ ಮದುವೆ ಮುಗಿದಿರಲಿಲ್ಲ. ಕೊನೆಗೆ ಕೇಳಿಸಿದ್ದು ಫರ್ಹಾನಳ ನಗು, ಅದರ ಹಿಂದೆಯೇ ನೆಲದ ಮೇಲಿಂದ ಜಸ್ನಾಳ ಸ್ವರ: “ಉಮ್ಮಾ, ಆ ಮೊಟ್ಟೆ ಸಿಗದವನಿಗೆ ಎಂತಾಯ್ತು ಹೇಳಿ, ನನಗೆ ಡ್ಯೂಟಿಗೆ ಹೊತ್ತಾಯ್ತು!”

ಜಸೀಲಾ ಹೋಗಿ ನೋಡಿದಾಗ ಎಡ ಅಂಗೈ ಅಜ್ಜಿಯ ಮೊಣಕಾಲಿನ ಮೇಲೆ ಎಣ್ಣೆ ಮಿರುಗುತ್ತಾ, ಅಪ್ಪದ ಹಾಗೆ ಚಪ್ಪಟೆಯಾಗಿ ಮಲಗಿತ್ತು. ಅಷ್ಟು ಪೂರ್ತಿಯಾಗಿ ಅದು ತೆರೆದದ್ದನ್ನು ಅವಳು ಕಂಡಿದ್ದು ಸುಪ್ರೀತಾಳ ಕೈಯಲ್ಲಿ ಮಾತ್ರ. ಒರೆಸಿ, ಮತ್ತೆ ಚುಕ್ಕೆ ಇಟ್ಟು, ಸೊಪ್ಪು ಮೆತ್ತಿ, ಒಣಗುವವರೆಗೂ ಖತೀಜಮ್ಮ ಆ ಕೈಯನ್ನು ಬಿಡಲಿಲ್ಲ.

ಮರುದಿನ ಹಬ್ಬ. ಫರ್ಹಾನ ಬಂದವರಿಗೆಲ್ಲ ಬಲಗೈಯಿಂದ ಎಡಗೈಯ ಬೆರಳು ಬಿಡಿಸಿ ತೋರಿಸಿದಳು, ಖಜಾನೆಯ ಬಾಗಿಲು ತೆರೆಯುವವರ ಹಾಗೆ.

ಒಂದು ಸಲ ಆದದ್ದನ್ನು ಫಲಿತಾಂಶ ಎನ್ನುವುದು ಜಸೀಲಾಳ ಸ್ವಭಾವವಲ್ಲ. ಮೈಲಾಂಜಿಯ ಆಸೆಗೆ ಮಗು ಸಹಿಸಿತೋ, ಅಂಟಿನ ಹೆದರಿಕೆಗೆ ಅತ್ತೆ ಗಟ್ಟಿಯಾದರೋ ಯಾರಿಗೆ ಗೊತ್ತು? ಹಬ್ಬದ ಮರುದಿನ ಅವಳು ಬೇಕೆಂದೇ ಎಣ್ಣೆಯ ಬಟ್ಟಲನ್ನು ಖತೀಜಮ್ಮನ ಮುಂದಿಟ್ಟು, ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ಒಳಗೆ ಅಳು ಎದ್ದಿತು, ಇಳಿಯಿತು, ಮದುವೆ ನಡೆಯಿತು. ಅದರ ಮಾರನೆಯ ದಿನ ಬಾಗಿಲ ಬಳಿ ನಿಂತು ನೋಡಿದಳು. ಫರ್ಹಾನಳ ಕಣ್ಣು ಅವಳ ಮೇಲೆ ಬಿದ್ದದ್ದೇ ತಡ, ಇಳಿದಿದ್ದ ಅಳು ಮತ್ತೆ ಏರಿತು. ಇನ್ನೊಂದು ದಿನ ಖತೀಜಮ್ಮ ನೆರೆಮನೆಯ ಪೂವಮ್ಮನಿಗೆ ಹಬ್ಬದ ತಿಂಡಿ ಕೊಟ್ಟು ಬರಲು ಹೋದಾಗ ಜಸೀಲಾಳೇ ಮಾಡಿದಳು. ಮಗಳು ‘ಉಮ್ಮಮ್ಮಾ’ ಎಂದು ಕೂಗಿ ನೋಡಿದಳು, ಉತ್ತರ ಬಾರದಿದ್ದಾಗ ಬೇಸರದಿಂದ, “ಮದುಮಗನಿಗೆ ಎಂತ ಹೆಸರು?” ಎಂದು ಕೇಳಿದಳು. ಜಸೀಲಾಳಿಗೆ ಕಥೆ ಹೇಳಲು ಬರುತ್ತಿರಲಿಲ್ಲ. “ನೌಫಲ್,” ಎಂದಳು. ಅದಕ್ಕೂ ನಗು ಬಂತು.

ಅಡ್ಡಿಯಾಗಿದ್ದದ್ದು ಅತ್ತೆಯಲ್ಲ. ಅತ್ತೆಯ ಜಾಗದಲ್ಲಿ ನಿಂತ ಯಾರೇ ಆದರೂ ಅಡ್ಡಿಯೇ, ಹೆತ್ತ ತಾಯಿ ಕೂಡ. ಪಾಣೆಮಂಗಳೂರಿನಲ್ಲಿ ತಡೆಯುವವರಿಲ್ಲ ಎಂದು ನೌಫಲ್ ಹೇಳಿದ್ದು ತಪ್ಪು. ಅಲ್ಲೂ ಒಬ್ಬ ಅಜ್ಜಿ ಇದ್ದಾರೆ. ಒಂದು ತಿಂಗಳು ಕಳೆದರೆ ಅವರೂ ಓಡಿಬರುತ್ತಾರೆ.

ವಾರದ ಭೇಟಿಗೆ ಬಂದ ಸುಪ್ರೀತಾ ಇದನ್ನೆಲ್ಲ ಕೇಳಿ, ಫರ್ಹಾನಳ ಕೈಯನ್ನು ತಿರುಗಿಸಿ ನೋಡಿ ತಲೆದೂಗಿದಳು. “ನಾನು ಕಲಿಸಿದ್ದು ನಿಮಗೆ ಒಬ್ಬರಿಗೆ. ಅಜ್ಜಿಗೆ ‘ಸ್ವಲ್ಪ ಆಚೆ ಕೂತ್ಕೊಳ್ಳಿ’ ಅಂದಿದ್ದೆ. ಆಚೆ ಕೂತವರಿಗೆ ಬೇರೆ ಎಂತ ಕೆಲಸ ಉಂಟು ಹೇಳಿ? ಅಳು ಕೇಳುವುದೊಂದೇ.” ಅವಳು ಖತೀಜಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೊಣಕೈಯ ವ್ಯಾಯಾಮವನ್ನೂ ತೋರಿಸಿಕೊಟ್ಟಳು. ಖತೀಜಮ್ಮ ಶಾಲೆಯ ಮಗುವಿನಷ್ಟು ಶಿಸ್ತಿನಿಂದ ಕಲಿತು, “ಮೊಣಕೈಗೆ ಬೇರೆ ಕಥೆ ಬೇಕು,” ಎಂದರು.

ಶನಿವಾರ ಮಧ್ಯಾಹ್ನ ಮಗು ಮಲಗಿದ್ದಾಗ ಅತ್ತೆ-ಸೊಸೆ ಚಾ ಕುಡಿಯುತ್ತಿದ್ದರು. ನಾಳೆಯ ಮಾತನ್ನು ಹೇಗೆ ಎತ್ತುವುದೆಂದು ಜಸೀಲಾ ಯೋಚಿಸುತ್ತಿದ್ದಾಗ ಖತೀಜಮ್ಮನೇ ಕೇಳಿದರು.

“ನಿನ್ನ ಉಮ್ಮನ ಮನೆಗೆ ಯಾವಾಗ ಹೊರಡುವುದು?”

ಜಸೀಲಾ ಲೋಟ ಕೆಳಗಿಟ್ಟಳು. “ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಮಂಚದ ಅಡಿ ಗುಡಿಸುವುದು ನಾನಲ್ವಾ? ಎರಡು ವರ್ಷದಿಂದ ಧೂಳು ಹಿಡಿದ ಸೂಟ್‌ಕೇಸ್ ಒಂದು ದಿನ ಫಳಫಳ ಹೊಳೀತಾ ಉಂಟು.” ಲೋಟವನ್ನು ತಿರುಗಿಸುತ್ತಾ ಮುಂದುವರಿಸಿದರು. “ನಾನು ತಡೀತಿದ್ದೆ, ಹೌದು. ನೀನು ಮಾಡುವಾಗ ನನಗೆ ಅವಳ ಅಳು ಮಾತ್ರ ಕೇಳ್ತದೆ ಮೋಲೆ. ನಾನೇ ಮಾಡುವಾಗ ಬೆರಳು ಕಾಣ್ತದೆ. ಇಷ್ಟು ಬಂತು, ಇನ್ನಿಷ್ಟು ಬಾಕಿ ಅಂತ ಕಾಣ್ತದೆ. ಆಗ ಅಳು ಅಷ್ಟು ದೊಡ್ಡದಿಲ್ಲ.”

ತನಗೂ ಹಾಗೆಯೇ ಆಯಿತೆಂದು ಜಸೀಲಾಳಿಗೆ ಹೇಳಬೇಕೆನಿಸಿತು. ಬದಲಿಗೆ ಬಿಸ್ಕೆಟಿನ ತಟ್ಟೆಯನ್ನು ಅತ್ತೆಯತ್ತ ಸರಿಸಿದಳು.

“ನಾಳೆ ಊಟಕ್ಕೆ ಹೋಗಿ ಸಂಜೆ ಬರುವ,” ಎಂದಳು ಆಮೇಲೆ. “ನೀವೂ ಬನ್ನಿ. ಉಮ್ಮ ಕೋಣೆ ಒರೆಸಿಟ್ಟಿದ್ದಾರೆ, ಒಮ್ಮೆ ಮಲಗಿ ಎದ್ದು ಬರುವ.”

“ನಿನ್ನ ಉಮ್ಮನ ತುಪ್ಪದನ್ನಕ್ಕೆ ತುಪ್ಪವೇ ಇರುವುದಿಲ್ಲ,” ಎಂದ ಖತೀಜಮ್ಮ, ಒಂದು ಬಿಸ್ಕೆಟು ತೆಗೆದುಕೊಂಡರು. “ಆದ್ರೂ ಬರ್ತೇನೆ.”

ಭಾನುವಾರ ಹಾಗೆ ಕಳೆಯಿತು. ಜುಬೈಲಿನಿಂದ ನೌಫಲ್, “ಹಾಗಾದ್ರೆ ಹೋಗುವುದಿಲ್ವಾ? ಯಾರು ಗೆದ್ದದ್ದು?” ಎಂದು ಎರಡೆರಡು ಸಲ ಕೇಳಿದ.

ಸೋಮವಾರ ಅಸರ್ ಆದ ಮೇಲೆ ಅವಳು ಬಟ್ಟಲಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದಿಟ್ಟು, ಎಂದಿನಂತೆ ಹಿತ್ತಿಲಿಗೆ ಹೊರಟಳು.

“ಎಲ್ಲಿಗೆ?” ಎಂದರು ಖತೀಜಮ್ಮ.

“ಬಟ್ಟೆ.”

“ಒಗೆದದ್ದನ್ನೇ ಎಷ್ಟು ಸಲ ಒಗೆಯುವುದು? ಕಿಟಕಿಯಿಂದ ನಿನ್ನ ತಲೆ ಕಾಣ್ತದೆ, ಇವಳು ಅದನ್ನೇ ನೋಡ್ತಾಳೆ. ದೂರ ಹೋಗು. ಪೇಟೆಗೆ ಹೋಗಿ ಬಾ.”

“ಪೇಟೆಯಲ್ಲಿ ನನಗೆ ಎಂತ ಕೆಲಸ?”

“ಕೆಲಸ ಇದ್ರೆ ಮಾತ್ರ ಹೋಗುವುದಾ? ಹೋಗು ಮಾರಾಯ್ತಿ. ಬುರ್ಖಾ ಹಾಕು, ಹೊರಡು.”

ಜಸೀಲಾ ಗೇಟು ದಾಟುವಾಗ ಅಳು ಎದ್ದಿತು. ಕಾಲು ತಾನಾಗಿಯೇ ನಿಂತಿತು. ಇಳಿಯುತ್ತದೆ, ಇಳಿಯುತ್ತದೆ ಎಂದುಕೊಳ್ಳುತ್ತಾ ನಡೆದಳು. ರಸ್ತೆಗೆ ಬಂದರೂ ಅದು ಇನ್ನೂ ಕೇಳುತ್ತಿತ್ತು, ಅಥವಾ ಕೇಳಿದ ಹಾಗಾಗುತ್ತಿತ್ತು. ಅಷ್ಟರಲ್ಲಿ ತಿರುವಿನಲ್ಲಿ ಹಾರ್ನ್ ಬಾರಿಸುತ್ತಾ ಬಸ್ಸು ಬಂತು. ಅವಳ ಕೈ ಮೇಲೆದ್ದಿತು.

ಮಗುವಿಲ್ಲದೆ, ಬ್ಯಾಗಿನಲ್ಲಿ ಬಿಸ್ಕೆಟು-ಟವೆಲು-ಔಷಧಿ ಇಲ್ಲದೆ ಬಸ್ಸು ಹತ್ತಿ ಅವಳಿಗೆ ವರ್ಷಗಳೇ ಆಗಿದ್ದವು. ತೋಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು. ಕಾಲೇಜಿನ ಹುಡುಗಿಯರು ತುಂಬಿದ್ದರು. ಕಿಟಕಿಯ ಗಾಳಿಗೆ ತಲೆವಸ್ತ್ರ ಹಾರತೊಡಗಿತು.

“ಎಲ್ಲಿಗೆ ಅಕ್ಕ?” ಕಂಡಕ್ಟರ್ ಬಂದ.

“ಮೂಡುಬಿದಿರೆ.”

“ಮೂಡುಬಿದಿರೆ ಎಲ್ಲಿ? ಸ್ಟ್ಯಾಂಡಾ, ಕಾಲೇಜಾ, ಆಸ್ಪತ್ರೆಯಾ?”

ಜಸೀಲಾ ಯೋಚಿಸಿದಳು. ಇಷ್ಟು ವರ್ಷ ಆ ಪ್ರಶ್ನೆಗೆ ಅವಳ ಉತ್ತರ ಆಸ್ಪತ್ರೆ ಎಂದೇ ಇತ್ತು.

“ಸ್ಟ್ಯಾಂಡಿಗೇ ಕೊಡಿ,” ಎಂದಳು. “ಇಳಿದ ಮೇಲೆ ನೋಡುವ.”